ಪೂಜೆ, ವ್ರತ ಮತ್ತು ಮನಸ್ಸಿನ ಹತೋಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಶಿವಾನುಭವ (ಮಠಗಳಲ್ಲಿ ನಡೆಯುವ ಧಾರ್ಮಿಕ ಗೋಷ್ಠಿ), ಶ್ರಾವಣದ ಪ್ರವಚನ, ಹಾಸ್ಟೆಲ್ ಹುಡುಗರ ಜೊತೆಗಿನ ಮಾತುಕತೆ ಮುಗಿದ ಮೇಲೆ ಜನ ಹತ್ತಿರ ಬಂದು ಕೇಳಿದ ಪ್ರಶ್ನೆಗಳು ಇವು. ಕೆಲವು ಪತ್ರದಲ್ಲಿ ಬಂದವು. ಸಭೆಯಲ್ಲಿ ಎದ್ದು ನಿಂತು ಕೇಳಿದವು ಕಡಿಮೆ, ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದವೇ ಜಾಸ್ತಿ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನಷ್ಟೇ ಓದಬಹುದು. ಒಂದು ಉತ್ತರ ತಿಳಿಯಲು ಇನ್ನೊಂದನ್ನು ಓದಲೇಬೇಕೆಂದಿಲ್ಲ.

## ಮೊದಲ ಪ್ರಶ್ನೆಗಳು

ದೇವರ ಪೂಜಿಗೂ ನಮ್ಮ ಮನಸ್ಸಿನ ಹತೋಟಿಗೂ ಏನ್ ಸಂಬಂಧ ರೀ?

ಸಂಬಂಧ ಇದೆ. ಪೂಜೆ ಮಾಡಿದರೆ ಎಲ್ಲಿಂದಲೋ ಒಂದು ಬಲ ಬರುತ್ತದೆ, ಆ ಬಲದಿಂದ ಆಸೆಯನ್ನು ಗೆಲ್ಲುತ್ತೇವೆ ಎಂದು ತುಂಬಾ ಜನ ನಂಬಿದ್ದಾರೆ. ನಾನು ಕಂಡಂತೆ ಆಚರಣೆ ಮಾಡುವ ಕೆಲಸ ಬೇರೆ. ಆಸೆಯ ಜೊತೆ ಗುದ್ದಾಡಬೇಕಾದ ಸಂದರ್ಭಗಳನ್ನೇ ಅದು ಕಡಿಮೆ ಮಾಡುತ್ತದೆ. ಸೋಮವಾರ ಒಪ್ಪತ್ತು ಎಂದು ಮೊದಲೇ ಗೊತ್ತಾಗಿದ್ದರೆ, ಅವತ್ತು ರಾತ್ರಿ ಉಣ್ಣಲೋ ಬಿಡಲೋ ಎಂಬ ಚರ್ಚೆಯೇ ಏಳುವುದಿಲ್ಲ. ಏಕಾದಶಿ, ರಂಜಾನ್ ರೋಜಾ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ನಿಯಮ, ಈಸ್ಟರ್‌ಗೆ ಮುಂಚಿನ 40 ದಿನಗಳ ತಪಸ್ಸುಕಾಲ, ಎಲ್ಲದರಲ್ಲೂ ತೀರ್ಮಾನ ಮೊದಲೇ ಆಗಿರುತ್ತದೆ. ಆ ಗಳಿಗೆಯಲ್ಲಿ ನಾವು ಹೊಸದಾಗಿ ಯೋಚಿಸಬೇಕಿಲ್ಲ.

ಇನ್ನೆರಡು ಸಂಗತಿಗಳೂ ಇವೆ. ದಿನಕ್ಕೊಮ್ಮೆ ನಮ್ಮನ್ನು ನಾವು ನೋಡಿಕೊಳ್ಳುವ ರೂಢಿ ಒಂದು. ಅದೇ ದಾರಿಯಲ್ಲಿರುವ ನಾಲ್ಕು ಜನರ ಸಂಗ ಇನ್ನೊಂದು.

2009ರಲ್ಲಿ ಅಮೆರಿಕದ ಮೈಕಲ್ ಮೆಕಲೋ ಮತ್ತು ಬ್ರಯಾನ್ ವಿಲ್ಲೊಬಿ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಧಾರ್ಮಿಕ ಆಚರಣೆ ಇರುವವರಲ್ಲಿ ಹತೋಟಿ ಸ್ವಲ್ಪ ಹೆಚ್ಚು ಎಂದು ಕಂಡಿತು. ಆಚರಣೆಯಿಂದ ಹತೋಟಿ ಬಂತೋ, ಹತೋಟಿ ಇದ್ದವರೇ ಆಚರಣೆಯಲ್ಲಿ ನಿಂತರೋ, ಎರಡಕ್ಕೂ ಅಲ್ಲಿ ಅವಕಾಶ ಇದೆ.

ದಿನಾ ಪೂಜಿ ಮಾಡ್ತೀನ್ರಿ, ಆದ್ರೂ ಸಿಟ್ಟು ಕಡಿಮಿ ಆಗವಲ್ದು. ಯಾಕ?

ಪೂಜೆಗೂ ಸಿಟ್ಟು ಬರುವ ಗಳಿಗೆಗೂ ನಡುವೆ ಯಾವ ಎಳೆಯೂ ಇಲ್ಲದಿರುವುದರಿಂದ. ಬೆಳಗ್ಗೆ ಆರಕ್ಕೆ ಪೂಜೆ, ಸಿಟ್ಟು ಬರುವುದು ರಾತ್ರಿ ಎಂಟಕ್ಕೆ. ಎಂಟು ಗಂಟೆಯ ಬಗ್ಗೆ ಆರು ಗಂಟೆಗೆ ನೀವು ಏನನ್ನೂ ಗೊತ್ತು ಮಾಡಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಪೂಜೆಯೇ ಸಿಟ್ಟಿಗೆ ಕಾರಣ. ಹೂ ತಡವಾಯಿತು, ಮಕ್ಕಳು ಗದ್ದಲ ಮಾಡಿದರು ಎಂದು ಗಂಟೆ ಬಾರಿಸುತ್ತಲೇ ಬೈಯುವವರನ್ನು ನೀವೂ ನೋಡಿರುತ್ತೀರಿ.

ಬಸವಣ್ಣನವರು 12ನೇ ಶತಮಾನದಲ್ಲಿ ಹೇಳಿದ ಏಳು ಬೇಡಗಳಲ್ಲಿ ‘ಮುನಿಯಬೇಡ’ ಒಂದು. ನಮ್ಮ ಕಡೆ ಶಾಲೆಯ ಗೋಡೆ, ಮಠದ ಕಂಬ ಎಲ್ಲ ಕಡೆ ಅದನ್ನು ಬರೆದಿರುತ್ತಾರೆ. ಆ ಏಳರಲ್ಲಿ ಪೂಜೆಯ ವಿಧಾನ ಒಂದೂ ಇಲ್ಲ. ಕದಿಯುವುದು, ಕೊಲ್ಲುವುದು, ಸುಳ್ಳು ಹೇಳುವುದು, ಮುನಿಯುವುದು, ಹೇಸುವುದು, ತನ್ನನ್ನು ಹೊಗಳಿಕೊಳ್ಳುವುದು, ಎದುರಿನವರನ್ನು ಹಳಿಯುವುದು: ಎಲ್ಲವೂ ಇನ್ನೊಬ್ಬರ ಜೊತೆಗಿನ ವ್ಯವಹಾರ. ಶುದ್ಧಿಯ ಪರೀಕ್ಷೆಯನ್ನು ಅವರು ಇಟ್ಟದ್ದು ಅಲ್ಲಿ.

ಒಂದು ದಾರಿ ಹೇಳುತ್ತೇನೆ. ಇಷ್ಟಲಿಂಗ ಹಿಡಿದು ಕೂತಿರಿ, ದೇವರ ಜಗಲಿ ಮುಂದೆ ಕೂತಿರಿ, ನಮಾಜ್ ಮುಗಿಸಿರಿ, ಏಳುವ ಮೊದಲು ಎರಡು ನಿಮಿಷ ಕೊಡಿ. ನಿನ್ನೆ ಯಾರ ಮೇಲೆ, ಯಾವ ಹೊತ್ತಿಗೆ, ಯಾವ ಮಾತಿಗೆ ಸಿಟ್ಟು ಬಂತು ಎಂದು ನೆನೆಯಿರಿ. ಇವತ್ತು ಅದೇ ಹೊತ್ತು ಬಂದರೆ ಏನು ಮಾಡುತ್ತೀರಿ ಎಂದು ಒಂದೇ ಒಂದು ಕೆಲಸ ಗೊತ್ತು ಮಾಡಿ. ‘ಮಗ ಓದದೆ ಮೊಬೈಲ್ ಹಿಡಿದು ಕೂತದ್ದು ಕಂಡರೆ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ, ಆಮೇಲೆ ಮಾತಾಡುತ್ತೇನೆ.’ ಇಷ್ಟು ಚಿಕ್ಕದಿರಲಿ. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಇಂಥ ನಿಶ್ಚಯ, ಸುಮ್ನೆ ‘ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ’ ಅನ್ನುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಇದರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ.

ಉಪವಾಸ ಮಾಡಿದ್ರ ಮನಸ್ಸು ಗಟ್ಟಿ ಆಗ್ತೈತಿ ಅಂತಾರ. ಖರೇನ?

ಒಂದು ಪಾಠವಂತೂ ಖಂಡಿತ ಕಲಿಸುತ್ತದೆ. ಹಸಿವು ಒಂದೇ ಸಮನೆ ಏರುತ್ತಾ ಹೋಗುವುದಿಲ್ಲ. ಊಟದ ಹೊತ್ತಿಗೆ ಜೋರಾಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಏನೂ ಮಾಡದೆ ಇದ್ದರೂ ಆಸೆ ಇಳಿಯುತ್ತದೆ ಎಂದು ಮೈಗೆ ಗೊತ್ತಾಗುವುದು ದೊಡ್ಡದು. ಸಿಗರೇಟಿನ ಆಸೆಯೂ, ಸಿಟ್ಟೂ ಹೆಚ್ಚುಕಡಿಮೆ ಹೀಗೇ ಏರಿ ಇಳಿಯುತ್ತವೆ.

ಆದರೆ ಆ ಪಾಠ ಸಿಗಬೇಕಾದರೆ ಹಸಿವು ಆಗಬೇಕಲ್ಲ! ಉಪವಾಸದ ದಿನ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಆಲೂಗಡ್ಡೆ ಚಿಪ್ಸ್, ಎರಡು ಸಲ ಹಾಲು ತಗೊಂಡರೆ ದಿನನಿತ್ಯದ ಊಟಕ್ಕಿಂತ ಜಾಸ್ತಿಯೇ ಆಯಿತು. ಅದು ತಪ್ಪು ಅನ್ನುವುದಿಲ್ಲ. ಮನೆಯವರೆಲ್ಲ ಸೇರಿ ಹಬ್ಬದ ಹಾಗೆ ಮಾಡುವುದರಲ್ಲಿ ಬೇರೆ ಸುಖ ಇದೆ. ಹತೋಟಿಯ ಪಾಠ ಮಾತ್ರ ಅದರಲ್ಲಿಲ್ಲ.

ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಒಂದು ಸೂಕ್ಷ್ಮ ಮಾತಿದೆ. ಉಪವಾಸ ಇದ್ದವನಿಂದ ವಿಷಯಗಳು ದೂರವಾಗುತ್ತವೆ, ಅವುಗಳ ರುಚಿ ಮಾತ್ರ ಒಳಗೇ ಉಳಿಯುತ್ತದೆ ಎಂದು. ಆರನೇ ಅಧ್ಯಾಯದಲ್ಲಿ, ಅತಿಯಾಗಿ ತಿನ್ನುವವನಿಗೂ ಏನೂ ತಿನ್ನದವನಿಗೂ ಯೋಗ ಸಿದ್ಧಿಸದು ಎಂದಿದೆ. ಉಪವಾಸವನ್ನು ದಂಡನೆ ಮಾಡಿಕೊಂಡವರು ಈ ಎರಡನ್ನೂ ಒಮ್ಮೆ ಓದಬೇಕು.

ನನಗ ಶುಗರ್ ಐತಿ. ಸೋಮವಾರ ಬಿಡಾಕ ಮನಸ್ಸು ಒಪ್ಪವಲ್ದು.

ಬಿಡಬೇಡಿ, ಬದಲಾಯಿಸಿ. ಇನ್ಸುಲಿನ್ ಅಥವಾ ಕೆಲವು ಶುಗರ್ ಗುಳಿಗೆ ತಗೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಏಕಾಏಕಿ ಇಳಿದು ತಲೆ ಸುತ್ತಿ ಬೀಳಬಹುದು, ಎಚ್ಚರ ತಪ್ಪಬಹುದು. ವೈದ್ಯರನ್ನು ಕೇಳದೆ ಊಟ ಬಿಡಬಾರದು. ಕುರಾನೇ ರೋಗಿಗಳಿಗೆ, ಪ್ರಯಾಣದಲ್ಲಿರುವವರಿಗೆ ರೋಜಾದಿಂದ ವಿನಾಯಿತಿ ಕೊಟ್ಟಿದೆ. ಸೋಮವಾರ ಸಂಜೆ ಎರಡು ಗಂಟೆ ಮೌನ ಇರಿ. ಅಥವಾ ಅವತ್ತು ಟೀವಿ ಹಾಕಬೇಡಿ. ಮಾತಾಡುವ ಚಟ ಇದ್ದವರಿಗೆ ಮೌನದಷ್ಟು ಕಷ್ಟದ ವ್ರತ ಇನ್ನೊಂದಿಲ್ಲ.

## ಶ್ರಾವಣ, ಮಾಲೆ, ರಂಜಾನ್

ಶ್ರಾವಣದಾಗ ಒಂದ್ ತಿಂಗಳು ಮುಟ್ಟೂದಿಲ್ರಿ. ಮುಗೀತಂದ್ರ ಮರುದಿನಾನ ಶುರು. ಇದ್ರಾಗ ಏನರ ಅರ್ಥ ಐತೇನು?

ಇದೆ. ಒಂದು ತಿಂಗಳು ಕುಡಿಯದೆ ಇರಬಲ್ಲಿರಿ ಎಂದು ನಿಮಗೇ ಗೊತ್ತಾಗಿದೆ. ಹೇಗೆ ಸಾಧ್ಯವಾಯಿತು ಎಂದು ಮಾತ್ರ ನೀವು ಇನ್ನೂ ನೋಡಿಲ್ಲ.

ನಾಗರ ಅಮವಾಸ್ಯೆಯಿಂದ ಬೆನಕನ ಅಮವಾಸ್ಯೆವರೆಗೆ ನಿಮ್ಮ ಸುತ್ತ ಏನೇನು ಬದಲಾಗುತ್ತದೆ ಅಂತ ಲೆಕ್ಕ ಹಾಕಿ. ಮನೆಯಲ್ಲಿ ಮಾಂಸದ ಅಡುಗೆ ಇಲ್ಲ. ಗೆಳೆಯರೂ ಬಿಟ್ಟಿರುತ್ತಾರೆ, ಹಾಗಾಗಿ ಸಂಜೆ ಫೋನ್ ಬರುವುದಿಲ್ಲ. ಊರ ಮಠದಲ್ಲಿ ಪುರಾಣ ಹಚ್ಚಿರುತ್ತಾರೆ. ರಾತ್ರಿ ಏಳೂವರೆಗೆ ಶುರುವಾದ ಪುರಾಣ, ತಬಲಾ, ಹಾರ್ಮೋನಿಯಂ, ನಡುವೆ ಸಂಗೀತ, ಕೊನೆಗೆ ಪ್ರಸಾದ. ನೀವು ಕುಡಿಯುತ್ತಿದ್ದ ಹೊತ್ತು ಸರಿಯಾಗಿ ಅದೇ. ಕುಡಿಯಬೇಕು ಅನ್ನಿಸಿದರೂ ‘ಶ್ರಾವಣ’ ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಹೊತ್ತು, ಜಾಗ, ಸಂಗ, ನೆಪ, ನಾಲ್ಕೂ ನಿಮ್ಮ ಪರವಾಗಿ ನಿಂತಿದ್ದವು.

ಪುರಾಣ ಮಂಗಲವಾದ ಮರುದಿನ ಈ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಏಳೂವರೆಗೆ ಏನು ಮಾಡಬೇಕು ಎಂದೇ ಗೊತ್ತಿರುವುದಿಲ್ಲ. ಗೆಳೆಯರೂ ತಿಂಗಳಿಂದ ಕಾಯುತ್ತಿರುತ್ತಾರೆ. ಸೋತದ್ದು ನಿಮ್ಮ ಮನಸ್ಸಿನ ದೌರ್ಬಲ್ಯದಿಂದ ಅಂತ ನೀವು ಅಂದುಕೊಳ್ಳುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ.

ರೂಢಿ ಗಟ್ಟಿಯಾಗಲು ಒಂದು ತಿಂಗಳು ಹೆಚ್ಚಿನವರಿಗೆ ಸಾಲದು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಂದು ಚಿಕ್ಕ ಹೊಸ ಕೆಲಸ ತಾನಾಗಿ ಬರುವಂತಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನಕ್ಕೇ ಬಂತು, ಕೆಲವರಿಗೆ 254 ದಿನ ಹಿಡಿಯುವ ಲೆಕ್ಕ ಬಂತು. ಅವರು ನೋಡಿದ್ದು ಊಟದ ಜೊತೆ ಹಣ್ಣು ತಿನ್ನುವಂಥ ಸಾದಾ ಕೆಲಸಗಳನ್ನು. ಕುಡಿತ ಬಿಡುವುದು ಅದಕ್ಕಿಂತ ಕಷ್ಟ.

ಹಾಗಾಗಿ ಮಂಗಲದ ದಿನಕ್ಕೆ ಕಾಯಬೇಡಿ. ಶ್ರಾವಣ ನಡೆಯುತ್ತಿರುವಾಗಲೇ ಮುಂದಿನ ತಿಂಗಳ ಸಂಜೆಯನ್ನು ಕಟ್ಟಿ. ಪುರಾಣ ಮುಗಿದರೂ ಭಜನಾ ತಂಡ ಮುಗಿಯುವುದಿಲ್ಲ, ಅಲ್ಲಿ ತಾಳ ಹಿಡಿದು ಕೂರಿ. ಗದಗಿನ ತೋಂಟದಾರ್ಯ ಮಠದಂಥ ಕಡೆ ವಾರ ವಾರ ಶಿವಾನುಭವ ವರ್ಷಪೂರ್ತಿ ಇರುತ್ತದೆ. ಭಜನೆ ಬೇಡವೆಂದರೆ ಸಂಜೆ ಮಗಳ ಟ್ಯೂಷನ್‌ಗೆ ಕರೆದುಕೊಂಡು ಹೋಗುವ ಕೆಲಸ ನೀವೇ ತಗೊಳ್ಳಿ. ಮನೆ ಸೇರುವ ದಾರಿ ಬದಲಾಯಿಸಿ. ಶ್ರಾವಣದಲ್ಲಿ ಬಿಟ್ಟ ಗೆಳೆಯರಲ್ಲಿ ಒಬ್ಬನನ್ನಾದರೂ ‘ದಸರಾವರೆಗೆ ಎಳೆಯೋಣ’ ಎಂದು ಒಪ್ಪಿಸಿ. ಇಬ್ಬರಿದ್ದರೆ ಅರ್ಧ ಕೆಲಸ ಆದಂತೆ.

ಮಾಲಿ ಹಾಕ್ಕೊಂಡಾಗ ನನ್ನ ಮಗ ಬ್ಯಾರೇ ಮನಷ್ಯಾನ ಆಗಿದ್ದ. ತೆಗದ ಮ್ಯಾಲೆ ಮೊದಲಿನಂಗ. ಏನಾತು?

ತಾಯಂದಿರು ಕೇಳುವ ಪ್ರಶ್ನೆ ಇದು. ಅಯ್ಯಪ್ಪ ಮಾಲೆಯ 41 ದಿನಗಳಲ್ಲಿ ಕಪ್ಪು ಬಟ್ಟೆ, ತಣ್ಣೀರು ಸ್ನಾನ, ಚಾಪೆ ಮೇಲೆ ನಿದ್ದೆ ಇವೆಲ್ಲ ಇವೆ. ಅವಕ್ಕಿಂತ ಹೆಚ್ಚಿನದು ಇನ್ನೊಂದಿದೆ: ಎಲ್ಲರೂ ಅವನನ್ನು ‘ಸ್ವಾಮಿ’ ಅಂದರು. ನೀವೂ ಅಂದಿರಿ. ದಿನಾ ಬೈಸಿಕೊಳ್ಳುತ್ತಿದ್ದ ಹುಡುಗನಿಗೆ ಏಕಾಏಕಿ ಮರ್ಯಾದೆ ಬಂತು. ಆ ಮರ್ಯಾದೆಗೆ ತಕ್ಕಂತೆ ಅವನು ನಡೆದ. ಮಾಲೆ ತೆಗೆದ ದಿನವೇ ಆ ಮಾತು ಹೋಯಿತು, ಹಳೇ ಬೈಗುಳ ಬಂತು.

ವರ್ಷವಿಡೀ ‘ಸ್ವಾಮಿ’ ಅನ್ನಲು ಆಗುವುದಿಲ್ಲ. ಆದರೆ ಆ 41 ದಿನ ಅವನು ಮಾಡಿದ್ದರಲ್ಲಿ ಒಂದನ್ನು ಹಿಡಿದು ಅವನಿಗೇ ವಹಿಸಿ. ಬೆಳಗ್ಗೆ ದೀಪ ಹಚ್ಚುವುದು ಇರಬಹುದು, ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದು ಇರಬಹುದು. ಮಾಡಿದಾಗ ಅದನ್ನು ನೋಡಿದಂತೆ ಒಂದು ಮಾತಾಡಿ. ‘ಮಾಲೆ ಇದ್ದಾಗ ಹೆಂಗಿದ್ದೆ, ಈಗ ನೋಡು’ ಅಂತ ಮಾತ್ರ ಚುಚ್ಚಬೇಡಿ, ದಯವಿಟ್ಟು.

ರೋಜಾ ಇದ್ದಾಗ ನೀರೂ ಮುಟ್ಟೂದಿಲ್ಲ, ಗುಟ್ಕಾ ನೆನಪೂ ಆಗೂದಿಲ್ಲ. ಇಫ್ತಾರ್ ಆದ ಕೂಡ್ಲೆ ಕೈ ತಾನ ಹೋಗ್ತೈತಿ. ಇದೇನ್ ಅಣ್ಣಾ?

ಹುಬ್ಬಳ್ಳಿಯ ಒಬ್ಬ ಹುಡುಗ ಕೇಳಿದ್ದು. ಇಡೀ ಪಟ್ಟಿಯಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ. ಇದರಲ್ಲೇ ದೊಡ್ಡ ಸುಳಿವು ಇದೆ.

ಸಹರಿ ಅಂದರೆ ನಸುಕಿನ ಊಟ, ಇಫ್ತಾರ್ ಅಂದರೆ ಸಂಜೆ ರೋಜಾ ಬಿಡುವುದು. ಎರಡರ ನಡುವೆ 13 ಗಂಟೆ ಆಸುಪಾಸು. ಮಾಮೂಲಿ ದಿನ ಗಂಟೆಗೊಂದು ಗುಟ್ಕಾ ಚೀಟಿ ಹರಿಯುವವನು ಅಷ್ಟು ಹೊತ್ತು ಇರುತ್ತಾನೆ. ತಂಬಾಕು ಬೇಕು ಅನ್ನಿಸುವುದು ಮೈಯಿಂದ ಮಾತ್ರ ಅಲ್ಲ, ‘ಈಗ ಸಿಗಬಹುದು’ ಎಂಬ ನಿರೀಕ್ಷೆಯಿಂದಲೂ ಎಂದು ಇದರಿಂದ ಗೊತ್ತಾಗುತ್ತದೆ. ಸಿಗುವುದೇ ಇಲ್ಲ ಎಂದು ಮನಸ್ಸು ಒಪ್ಪಿದಾಗ ಕೇಳುವುದು ಕಡಿಮೆ ಮಾಡುತ್ತದೆ. ಇಸ್ರೇಲಿನಲ್ಲಿ ರೂವೆನ್ ದಾರ್ ಮತ್ತು ಜೊತೆಗಾರರು 2005ರಲ್ಲಿ ಇದನ್ನೇ ನೋಡಿದರು. ಸಂಪ್ರದಾಯಸ್ಥ ಯೆಹೂದಿಗಳು ಸಬ್ಬತ್ ದಿನ ಬೆಂಕಿ ಹಚ್ಚುವುದಿಲ್ಲ, ಹಾಗಾಗಿ ಸಿಗರೇಟೂ ಇಲ್ಲ. ಅವರಲ್ಲಿ ಸೇದುವವರಿಗೆ ಸಬ್ಬತ್ ದಿನ ಕಾಡುವ ಆಸೆ, ವಾರದ ಬೇರೆ ದಿನ ‘ಇವತ್ತು ಸೇದಬೇಡಿ’ ಎಂದು ಹೇಳಿದಾಗ ಕಾಡುವುದಕ್ಕಿಂತ ತುಂಬಾ ಕಡಿಮೆ ಇತ್ತು. ಮೈ ಅದೇ, ಚಟ ಅದೇ. ‘ಇವತ್ತು ಇಲ್ಲ’ ಎಂಬುದು ಪಕ್ಕಾ ಆಗಿತ್ತು, ಅಷ್ಟೇ ವ್ಯತ್ಯಾಸ.

ಹಾಗಾದರೆ ರಂಜಾನ್ ತಿಂಗಳಲ್ಲಿ ಏನು ಮಾಡಬಹುದು? ಇಫ್ತಾರ್ ನಂತರದ ಮೊದಲ ಚೀಟಿಯನ್ನು ಮುಂದೂಡಿ. ಮೊದಲ ವಾರ ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ, ಎರಡನೇ ವಾರ ರಾತ್ರಿಯ ತರಾವೀಹ್ ನಮಾಜ್ ಆದ ಮೇಲೆ. ಕೊನೆಯ ಹತ್ತು ದಿನ ಪೂರ್ತಿ ಬಿಡುವ ನಿಯತ್ತು (ಸಂಕಲ್ಪ) ಮಾಡಿ. ತಲೆನೋವು, ಕಿರಿಕಿರಿ ಮೊದಲ ಎರಡು ಮೂರು ದಿನ ಜೋರು, ಆಮೇಲೆ ಇಳಿಯುತ್ತದೆ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧ. ಹಾಗಂತ ನಿಂತಿಲ್ಲ, ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಮಾರುತ್ತಾರೆ. ಕೊಳ್ಳುವ ಅಂಗಡಿ ಯಾವುದು ಎಂದು ನಿಮಗೆ ಗೊತ್ತು. ಈದ್ ಮರುದಿನ ಆ ಅಂಗಡಿಯ ಮುಂದೆ ಹೋಗದಂತೆ ದಾರಿ ಗೊತ್ತು ಮಾಡಿಕೊಳ್ಳಿ.

ರೋಜಾದಲ್ಲಿ ಇನ್ನೊಂದು ಒಳ್ಳೇ ರೂಢಿ ಇದೆ. ಯಾರಾದರೂ ಜಗಳಕ್ಕೆ ಬಂದರೆ ‘ನಾನು ರೋಜಾ ಇದ್ದೇನೆ’ ಎಂದು ಹೇಳಬೇಕೆಂದು ಪ್ರವಾದಿಗಳು ಕಲಿಸಿದ್ದಾರೆ. ಗೆಳೆಯ ಚೀಟಿ ಮುಂದೆ ಹಿಡಿದಾಗ ಹೇಳಲು ಅಂಥದೇ ಒಂದು ಸಿದ್ಧ ಮಾತು ಇಟ್ಟುಕೊಳ್ಳಿ.

## ಚಟ, ಆಣೆ, ಸೋಲು

ನಮ್ಮ ಮನಿಯವ್ರಿಗೆ ದೇವರ ಮುಂದ ಆಣಿ ಮಾಡಿಸಿದ್ರ ಕುಡಿಯೂದು ಬಿಡ್ತಾರೇನ್ರಿ ಅಣ್ಣಾ?

ತಂಗಿ, ಮೊದಲು ಒಂದು ಎಚ್ಚರಿಕೆ. ಇದನ್ನು ಓದದೆ ಮುಂದೆ ಹೋಗಬೇಡ. ದಿನಾ ತುಂಬಾ ಕುಡಿಯುವವರು, ಬೆಳಗ್ಗೆ ಎದ್ದಕೂಡಲೇ ಕೈ ನಡುಗುವವರು, ಆಣೆ ಮಾಡಿ ಒಮ್ಮೆಗೇ ಬಿಟ್ಟರೆ ಜೀವಕ್ಕೆ ಅಪಾಯ ಆಗಬಹುದು. ಮೊದಲ ಎರಡು ಮೂರು ದಿನದಲ್ಲಿ ಮೈ ನಡುಕ, ಬೆವರು, ಫಿಟ್ಸ್ ಬರಬಹುದು. ಇಲ್ಲದ್ದು ಕಾಣುವುದು, ಗಾಬರಿಯಿಂದ ಬಡಬಡಿಸುವುದು ಶುರುವಾಗಬಹುದು. ‘ದೇವರು ಸಿಟ್ಟಾದ’, ‘ಗಾಳಿ ಸೋಕಿತು’ ಎಂದು ಗುಡಿಗೆ ಕರೆದುಕೊಂಡು ಹೋಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ವ್ಯಸನ ಬಿಡಿಸುವ ಸಹಾಯಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡೂ ಉಚಿತ. ಗುಳಿಗೆ ತಗೊಂಡು ಬಿಟ್ಟರೆ ವ್ರತ ಕೆಡುವುದಿಲ್ಲ.

ಇನ್ನು ಆಣೆಯ ವಿಷಯ. ಒತ್ತಾಯದಿಂದ, ಮಕ್ಕಳ ತಲೆ ಮುಟ್ಟಿಸಿ ಮಾಡಿಸಿದ ಆಣೆ ನಿಲ್ಲುವುದು ಕಷ್ಟ. ಅದು ಅವರ ಮಾತಲ್ಲ, ನಿನ್ನ ಮಾತನ್ನು ಅವರ ಬಾಯಿಂದ ಹೇಳಿಸಿದ್ದು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದ್ದು ನಿನಗೂ ಗೊತ್ತಿರಬಹುದು. ಕಾಳು, ರೊಕ್ಕ ಕೇಳಲಿಲ್ಲ. ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. ಆ ಜೋಳಿಗೆಯಲ್ಲಿ ಮೂರು ಸಂಗತಿ ನನಗೆ ಕಾಣುತ್ತವೆ. ಹಾಕುವವನು ತಾನೇ ಮುಂದೆ ಬಂದು ಹಾಕಬೇಕು. ನಾಲ್ಕು ಜನರ ಎದುರಿಗೆ ಹಾಕಬೇಕು. ಕೇಳುವವರು ಬೈಯುವುದಿಲ್ಲ, ಭಿಕ್ಷೆ ಬೇಡುತ್ತಾರೆ. ಕೊಟ್ಟವನು ದಾನಿಯಾಗುತ್ತಾನೆ, ಅಪರಾಧಿಯಾಗುವುದಿಲ್ಲ.

ಅವರು ಕುಡಿಯದೆ ಇರುವ ಹೊತ್ತಿನಲ್ಲಿ, ಸಿಟ್ಟಿಲ್ಲದೆ ಒಮ್ಮೆ ಕೇಳು: ‘ನಿಮಗ ಬಿಡಬೇಕು ಅನ್ನಿಸ್ತದೇನು?’ ಹೌದು ಅಂದರೆ ಮೊದಲು ಆಸ್ಪತ್ರೆ, ಆಮೇಲೆ ಅವರು ನಂಬುವ ದೇವರ ಮುಂದೆ ಅವರದೇ ಮಾತಿನಲ್ಲಿ ಸಂಕಲ್ಪ. ಇಲ್ಲ ಅಂದರೆ ಆಣೆ ಬೇಡ. ನಿನಗೂ ಮಕ್ಕಳಿಗೂ ಹೊಡೆತ ಬೀಳುತ್ತಿದ್ದರೆ ಉಪವಾಸ, ಹರಕೆ ಎಂದು ಕಾಯಬೇಡ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು. ಅವರ ಚಟಕ್ಕೆ ನಿನ್ನ ಭಕ್ತಿ ಕಡಿಮೆಯಾದದ್ದು ಕಾರಣ ಎಂದು ಯಾರೇ ಹೇಳಲಿ, ನಂಬಬೇಡ.

ಆಣಿ ಮುರದ್ಬಿಟ್ಟೆ. ಇನ್ನ ಯಾವ ಮುಖಾ ಇಟ್ಕೊಂಡು ಗುಡಿಗೆ ಹೋಗ್ಲಿ?

ಅದೇ ಮುಖ ಇಟ್ಟುಕೊಂಡು, ಇವತ್ತೇ ಹೋಗಿ. ಮುರಿದ ಮೊದಲ ದಿನಕ್ಕಿಂತ ಅದರ ಮರುದಿನ ಅಪಾಯ ಹೆಚ್ಚು. ‘ಹೇಗೂ ಕೆಟ್ಟೆ, ಇನ್ನೇನು’ ಎಂದು ಪೂರ್ತಿ ಜಾರುವುದನ್ನು ವ್ಯಸನದ ಚಿಕಿತ್ಸೆಯಲ್ಲಿ ಕೆಲಸ ಮಾಡಿದ ಅಮೆರಿಕದ ಅಲನ್ ಮಾರ್ಲಟ್ ಚೆನ್ನಾಗಿ ಗುರುತಿಸಿದ್ದರು. ಒಂದು ಲೋಟ ಕುಡಿದದ್ದು ಒಂದು ಘಟನೆ. ‘ನಾನೇ ಕೆಟ್ಟವನು’ ಎಂಬ ತೀರ್ಪು ಹತ್ತು ಲೋಟಕ್ಕೆ ದಾರಿ.

ಧರ್ಮಗಳು ಇದನ್ನು ಮೊದಲೇ ಬಲ್ಲವು. ತಪ್ಪಿದ ರೋಜಾವನ್ನು ಬೇರೆ ದಿನ ಪೂರೈಸಬಹುದು. ಜೈನರು ಪ್ರತಿಕ್ರಮಣದಲ್ಲಿ ದಿನದ ತಪ್ಪುಗಳನ್ನು ನೆನೆದು, ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಮುರಿಯುವವರು ಇರುತ್ತಾರೆ ಎಂದು ಗೊತ್ತಿದ್ದೇ ತಿದ್ದಿಕೊಳ್ಳುವ ದಾರಿ ಇಟ್ಟಿದ್ದಾರೆ. ಜೈನರಿಂದಲೇ ಇನ್ನೊಂದು ಕಲಿಯಬಹುದು: ಅವಧಿ ಇರುವ ಚಿಕ್ಕ ನಿಯಮ. ಇವತ್ತು ಹೊತ್ತು ಮುಳುಗಿದ ಮೇಲೆ ಇಲ್ಲ, ನಾಳೆ ಮಧ್ಯಾಹ್ನದವರೆಗೆ ಇಲ್ಲ ಎಂಬಂಥದ್ದು. ‘ಜೀವ ಇರೋತನಕ’ ಎಂಬ ಆಣೆ ಕೇಳಲು ಭಾರಿ, ಹೊರಲು ಆಗುವುದಿಲ್ಲ. ಈ ಸಲ ಒಂದು ವಾರಕ್ಕೆ ಮಾಡಿ, ಮುಗಿದ ಮೇಲೆ ಮತ್ತೆ ಒಂದು ವಾರಕ್ಕೆ.

ಸರ್, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಓದ್ತಾ ಇದೀನಿ. ರೀಲ್ಸ್ ಬಿಡೋಕೆ ಆಗ್ತಿಲ್ಲ. ಜಪ, ಧ್ಯಾನ ಮಾಡಿದ್ರೆ ಆಗುತ್ತಾ?

ಮೊಬೈಲ್ ದಿಂಬಿನ ಕೆಳಗೆ ಇಟ್ಟುಕೊಂಡು ಮಾಡಿದರೆ ಆಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಫೋನನ್ನು ರೂಮ್‌ಮೇಟ್ ಹತ್ತಿರ ಕೊಡಿ, ಆಮೇಲೆ ಹತ್ತು ನಿಮಿಷ ಜಪ ಮಾಡಿ, ಆಮೇಲೆ ಓದಿ. ಜಪಕ್ಕೆ ಇಲ್ಲಿ ಒಳ್ಳೇ ಕೆಲಸ ಇದೆ. ಮನಸ್ಸು ಮಂತ್ರ ಬಿಟ್ಟು ಓಡುತ್ತದೆ, ನೀವು ಬೈಯದೆ ಕರೆತರುತ್ತೀರಿ, ಮತ್ತೆ ಓಡುತ್ತದೆ. ಆ ಕರೆತರುವ ಅಭ್ಯಾಸವೇ ಪುಸ್ತಕದ ಮುಂದೆ ಬೇಕಾದದ್ದು. ಆದರೆ ಎದುರಿಗೆ ಫೋನ್ ಇಟ್ಟು ಮನಸ್ಸನ್ನು ಪರೀಕ್ಷೆ ಮಾಡಬೇಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ಮುಂಜಾನಿ ಪೂಜಿ ಮುಗಿಸಿ ಹೊಂಟಾಗ ಮನಸ್ಸು ಗಟ್ಟಿ ಇರ್ತೈತಿ. ಸಂಜಿ ಆತಂದ್ರ ಸೋಲ್ತೈತಿ. ಪೂಜಿ ಶಕ್ತಿ ಖಾಲಿ ಆಗ್ತದೇನ್ರಿ?

ಮನೋಬಲ ಬಳಸಿದಷ್ಟು ಖಾಲಿಯಾಗುತ್ತದೆ ಎಂಬ ವಾದ 1998ರಲ್ಲಿ ರಾಯ್ ಬೌಮೈಸ್ಟರ್ ಅವರ ಪ್ರಯೋಗದಿಂದ ಪ್ರಸಿದ್ಧವಾಯಿತು. ಧರ್ಮದ ನೆನಪು ಅದನ್ನು ಮತ್ತೆ ತುಂಬುತ್ತದೆ ಎಂದು 2012ರಲ್ಲಿ ಕೆನಡಾದ ಒಂದು ತಂಡ ಬರೆಯಿತು. ದೇವರನ್ನು ನೆನಪಿಸುವ ಪದಗಳನ್ನು ಓದಿದವರು ವಿನೆಗರ್ ಬೆರೆಸಿದ ಕೆಟ್ಟ ರುಚಿಯ ರಸವನ್ನು ಹೆಚ್ಚು ಕುಡಿದರಂತೆ. ಪ್ರವಚನಗಳಲ್ಲಿ ಇಂಥ ಪ್ರಯೋಗಗಳನ್ನು ಹೇಳುವವರಿದ್ದಾರೆ. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, 2,000ಕ್ಕೂ ಹೆಚ್ಚು ಜನರ ಮೇಲೆ ಈ ‘ಖಾಲಿಯಾಗುವ’ ವಾದವನ್ನು ಪರೀಕ್ಷಿಸಿದಾಗ ಪರಿಣಾಮ ಇಲ್ಲವೆನ್ನುವಷ್ಟು ಚಿಕ್ಕದಾಗಿತ್ತು. ಹಾಗಾಗಿ ನಾನು ಅದರ ಮೇಲೆ ಏನನ್ನೂ ಕಟ್ಟುವುದಿಲ್ಲ.

ಸಂಜೆ ಸೋಲುವುದಕ್ಕೆ ಸರಳ ಕಾರಣಗಳಿವೆ. ಹಸಿವು, ದಣಿವು, ಕೈಯಲ್ಲಿ ದುಡ್ಡು, ದಾರಿಯಲ್ಲಿ ಅಂಗಡಿ, ಜೊತೆಗೆ ಅದೇ ಗೆಳೆಯ. ಜರ್ಮನಿಯಲ್ಲಿ 205 ಜನರನ್ನು ದಿನವಿಡೀ ಆಗಾಗ ಕೇಳಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹತೋಟಿ ಚೆನ್ನಾಗಿರುವವರು ಆಸೆಯ ಜೊತೆ ಹೆಚ್ಚು ಹೋರಾಡುತ್ತಿರಲಿಲ್ಲ, ಅವರಿಗೆ ಅಂಥ ಹೋರಾಟವೇ ಕಡಿಮೆ ಎದುರಾಗುತ್ತಿತ್ತು. ನಮ್ಮ ಹಿರಿಯರು ಸಂಜೆ ದೀಪ, ಮಗ್ರಿಬ್ ನಮಾಜ್, ರಾತ್ರಿ ಭಜನೆ ಇಟ್ಟದ್ದು ಈ ಬಿರುಕಿನ ಹೊತ್ತಿಗೇ. ಬೆಳಗಿನ ಪೂಜೆಯ ಅರ್ಧವನ್ನು ಸಂಜೆಗೆ ಸರಿಸಿ ನೋಡಿ.

ಹಣಿ ತುಂಬ ವಿಭೂತಿ, ಬಾಯಿ ತುಂಬ ಮಂತ್ರ. ಬಡ್ಡಿ ವಸೂಲಿಗೆ ನಿಂತ್ರ ಕರುಣಿ ಇಲ್ಲ. ಇಂಥವ್ರನ್ನ ನೋಡಿ ನಂಬಿಕಿ ಹೋಗೇತ್ರಿ.

ನಿಮ್ಮ ನೋವು ನ್ಯಾಯವಾದದ್ದು. ಒಳ್ಳೇ ಕೆಲಸ ಒಂದು ಮಾಡಿದ ಮೇಲೆ ಮನುಷ್ಯ ತನಗೆ ತಾನೇ ಒಂದು ಸಡಿಲಿಕೆ ಕೊಟ್ಟುಕೊಳ್ಳುತ್ತಾನೆ. ‘ಜಾತ್ರೆಗೆ ಅಷ್ಟು ಕೊಟ್ಟಿದ್ದೇನೆ, ಇದೊಂದು ನಡೆಯುತ್ತದೆ’ ಎಂದು. ಬೆನ್ವಾ ಮೊನಾ ಮತ್ತು ಡೇಲ್ ಮಿಲ್ಲರ್ 2001ರ ಪ್ರಯೋಗಗಳಲ್ಲಿ ಇಂಥದ್ದನ್ನೇ ತೋರಿಸಿದರು. ನಾನು ಒಳ್ಳೆಯವನು ಎಂದು ಮೊದಲು ತೋರಿಸಿಕೊಂಡವರು, ಆಮೇಲೆ ಭೇದಭಾವದ ತೀರ್ಮಾನ ಮಾಡಲು ಕಡಿಮೆ ಅಂಜಿದರು. ಆಚರಣೆ ಲೆಕ್ಕದ ಪುಸ್ತಕ ಆದರೆ ಹೀಗೆ ಆಗುತ್ತದೆ: ಜಮಾ ಇದೆ, ಖರ್ಚು ಮಾಡಬಹುದು.

ಇದಕ್ಕೆ ಮದ್ದು ಆಚರಣೆಯನ್ನು ಗುಟ್ಟಾಗಿ ಇಡುವುದು ಅಂತ ನನ್ನ ನಂಬಿಕೆ. ಕೊಟ್ಟದ್ದು ಫಲಕದ ಮೇಲೆ ಬರದಿರಲಿ. ನಿಯಮ ಜೊತೆಗಾರ ಒಬ್ಬನಿಗೆ ಗೊತ್ತಿದ್ದರೆ ಸಾಕು. ಮತ್ತೆ, ವಿಭೂತಿ ಹಚ್ಚಿದ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸದ್ದಿಲ್ಲದೆ ದಾಸೋಹಕ್ಕೆ ಪಾತ್ರೆ ತೊಳೆಯುವವರನ್ನೂ ಅದೇ ಮಠದಲ್ಲಿ ನೋಡುತ್ತೀರಿ.

‘ದೇವರು ನೋಡ್ತಾನ’ ಅಂತ ಅಂಜಿಸಿ ಮಕ್ಕಳಿಗೆ ಶಿಸ್ತು ಕಲಿಸೂದು ಸರೀನಾ?

ಅಂಜಿಕೆ ಬೇಗ ಕೆಲಸ ಮಾಡುತ್ತದೆ, ಬೇಗ ಹೋಗುತ್ತದೆ. ಹದಿನೈದನೇ ವಯಸ್ಸಿಗೆ ದೇವರು ಕಣ್ಣು ಕೀಳುವುದಿಲ್ಲ ಎಂದು ಗೊತ್ತಾದಾಗ ಶಿಸ್ತೂ ಅದರ ಜೊತೆ ಹೋಗುತ್ತದೆ. ರಿಚರ್ಡ್ ರಯಾನ್ ಮತ್ತು ಜೊತೆಗಾರರು 1993ರಲ್ಲಿ ಕ್ರೈಸ್ತರ ನಡುವೆ ಅಧ್ಯಯನ ಮಾಡಿದ್ದರು. ಅಪರಾಧಿ ಭಾವದಿಂದ, ಜನ ಏನಂದಾರು ಎಂದು ಆಚರಿಸುವವರಿಗಿಂತ, ‘ಇದು ನನಗೆ ಬೇಕಾದದ್ದು’ ಎಂದು ಆಚರಿಸುವವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು. ಮಗುವಿಗೆ ಒಂದು ಚಿಕ್ಕ ನಿಯಮ ತಾನೇ ಆರಿಸಿಕೊಳ್ಳಲು ಬಿಡಿ. ನೀವೂ ಒಂದನ್ನು ಹಿಡಿಯಿರಿ. ನೀವು ಪಾಲಿಸುವುದನ್ನು ಅದು ನೋಡಲಿ.

ಆಸೆ ಹತ್ತಿಕ್ಕಿದ್ರೆ ಇನ್ನೂ ಜಾಸ್ತಿ ಆಗಲ್ವಾ?

ಆಗುತ್ತದೆ. ಡೇನಿಯಲ್ ವೆಗ್ನರ್ 1987ರಲ್ಲಿ ಕೆಲವರಿಗೆ ‘ಬಿಳಿ ಕರಡಿಯನ್ನು ನೆನೆಯಬೇಡಿ’ ಎಂದರು. ಅವರಿಗೆ ಅದೇ ನೆನಪಾಯಿತು, ಆಮೇಲೆ ನೆನೆಯಲು ಬಿಟ್ಟಾಗ ಇನ್ನೂ ಹೆಚ್ಚು ನೆನಪಾಯಿತು. ಇದನ್ನು ಬಸವಣ್ಣನವರು ಎಂಟು ನೂರು ವರ್ಷ ಮೊದಲು ನೇರವಾಗಿ ಹೇಳಿದ್ದಾರೆ. ಇಂದ್ರಿಯ ನಿಗ್ರಹ ಮಾಡಲು ಹೊರಟರೆ ದೋಷಗಳೇ ಬಂದು ಹೊಂದುತ್ತವೆ, ಐದು ಇಂದ್ರಿಯಗಳು ಮುಂದೆ ಬಂದು ಕಾಡುತ್ತವೆ ಎಂಬುದು ಅವರ ಒಂದು ವಚನದ ಮಾತು. ಅದೇ ವಚನದಲ್ಲಿ ಅವರು ಸಂಸಾರಸ್ಥ ಶರಣರಾದ ಸಿರಿಯಾಳ, ಚಂಗಳೆಯರನ್ನು ಎತ್ತಿ ತೋರಿಸುತ್ತಾರೆ. ಅವರು ಸಂಸಾರ ಸುಖ ಬಿಟ್ಟವರಲ್ಲ.

ಶರಣರ ದಾರಿಯಲ್ಲಿ ಕಣ್ಣು, ಕಿವಿ, ನಾಲಿಗೆಯನ್ನು ಕೊಲ್ಲುವುದಿಲ್ಲ, ಅವು ಕಂಡದ್ದನ್ನು, ಕೇಳಿದ್ದನ್ನು, ಉಂಡದ್ದನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ತಗೊಳ್ಳುತ್ತಾರೆ. ಇದನ್ನು ಬರೀ ತತ್ವ ಅಂದುಕೊಳ್ಳಬೇಡಿ. ಪ್ರಸಾದ ಅಂದುಕೊಂಡು ಉಣ್ಣುವವನು ನಿಧಾನ ಉಣ್ಣುತ್ತಾನೆ, ಚೆಲ್ಲುವುದಿಲ್ಲ, ಸಾಕು ಅನ್ನಿಸಿದ್ದು ಅವನಿಗೆ ಗೊತ್ತಾಗುತ್ತದೆ. ‘ತಿನ್ನಬಾರದು, ತಿನ್ನಬಾರದು’ ಎಂದು ಹಲ್ಲು ಕಚ್ಚಿದವನು ಗಿರ್ಮಿಟ್ ಮಿರ್ಚಿ ಅಂಗಡಿ ಕಂಡಾಗ ಎರಡು ಪ್ಲೇಟ್ ಮುಗಿಸುತ್ತಾನೆ. ಯಾವ ಆಸೆ ನಿಮ್ಮನ್ನು ಕಾಡುತ್ತಿದೆಯೋ ಅದು ಮೂಲದಲ್ಲಿ ಕೇಳುತ್ತಿರುವುದು ಏನು ಎಂದು ನೋಡಿ. ಸಂಜೆ ಬಾರಿಗೆ ಹೋಗುವ ಎಷ್ಟೋ ಜನರಿಗೆ ಬೇಕಾಗಿರುವುದು ಮಾತಾಡುವವರು. ಅದು ಸಿಕ್ಕರೆ ಅರ್ಧ ಆಸೆ ಅಲ್ಲೇ ತಣಿಯುತ್ತದೆ. ತೀವ್ರ ಚಟಕ್ಕೆ ಇದು ಸಾಲದು, ಅಲ್ಲಿ ಚಿಕಿತ್ಸೆ ಬೇಕು.

ಯಾವ ಧರ್ಮದ ಆಚರಣಿ ಇದಕ್ಕ ಛಲೋ ರೀ?

ನೀವು ಈಗಾಗಲೇ ಹುಟ್ಟಿ ಬೆಳೆದದ್ದು, ನಿಮ್ಮ ನಾಲಿಗೆಗೆ ಹಾಡು ಬರುವಂಥದ್ದು. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು (1819–1889) ಮುಸ್ಲಿಂ ಮನೆಯವರು, ಗುರು ಕಳಸದ ಗೋವಿಂದ ಭಟ್ಟರು. ಒಬ್ಬರ ದಾರಿಯಿಂದ ಇನ್ನೊಬ್ಬರು ಕಲಿಯುವುದು ಈ ನೆಲಕ್ಕೆ ಹೊಸದಲ್ಲ.

ನೀವು ಹೇಳಿದ್ದೆಲ್ಲ ನಿಯಮ, ಸಂಗ, ಸಮಯ. ಅದಕ್ಕೆ ದೇವರು ಯಾಕೆ ಬೇಕು? ನಂಬದವರಿಗೆ ಹತೋಟಿ ಬರಲ್ವಾ?

ಬರುತ್ತದೆ. ನಂಬದೆಯೂ ಶಿಸ್ತಾಗಿ, ಪ್ರಾಮಾಣಿಕವಾಗಿ ಬದುಕುವವರು ನಮ್ಮ ನಡುವೆ ತುಂಬಾ ಇದ್ದಾರೆ. ಅಮೆರಿಕದಲ್ಲಿ 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವೂ ದೇವರನ್ನು ‘ನಾವು ಅರಿತಂತೆ’ ಎಂದು ಅವರವರಿಗೇ ಬಿಟ್ಟಿತು. ಅಲ್ಲಿ ಗಟ್ಟಿಯಾಗಿ ಹಿಡಿದದ್ದು ಕೂಡಿ ಕೂರುವುದನ್ನು.

ಆದರೆ ನಂಬುವವರ ಪರವಾಗಿ ಒಂದು ಮಾತು. ಹತೋಟಿಗಾಗಿಯೇ ದೇವರನ್ನು ಹಿಡಿದವರು ಬಹಳ ದಿನ ನಿಲ್ಲುವುದನ್ನು ನಾನು ಕಂಡಿಲ್ಲ. ಫಲ ಕಾಣದಿದ್ದರೆ ಬಿಡುತ್ತಾರೆ. ಸಿದ್ಧಾರೂಢ ಮಠದಲ್ಲಿ ಕೂತು ‘ಓಂ ನಮಃ ಶಿವಾಯ’ ಅನ್ನುವ ಅಜ್ಜಿ ಯಾವ ಹತೋಟಿಗಾಗಿಯೂ ಕೂತಿರುವುದಿಲ್ಲ. ಪ್ರೀತಿಗೆ ಕೂತಿರುತ್ತಾಳೆ. ಆ ಪ್ರೀತಿಯಿಂದಲೇ ನಿಯಮ ವರ್ಷಗಟ್ಟಲೆ ನಿಲ್ಲುತ್ತದೆ, ಹತೋಟಿ ಅದರ ಹಿಂದೆ ಬರುತ್ತದೆ.

ನಂಬಿಕೆ ಇಲ್ಲದವರಿಗೆ ಪಂಚಾಂಗವೂ ಸಂಗವೂ ಸಿದ್ಧವಾಗಿ ಸಿಗುವುದಿಲ್ಲ, ತಾವೇ ಕಟ್ಟಿಕೊಳ್ಳಬೇಕು. ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಬೆಳಗ್ಗೆ ಉಣಕಲ್ ಕೆರೆ ಸುತ್ತ ನಡೆಯುವ ಗುಂಪು, ಸಂಜೆ ಪುಸ್ತಕ ಓದುವ ಗುಂಪು, ಸೇವಾದಳ, ಯಾವುದಾದರೂ ಆಗಬಹುದು. ನೀವು ಬರದಿದ್ದರೆ ಫೋನ್ ಮಾಡಿ ಕೇಳುವ ಒಬ್ಬರಾದರೂ ಅದರಲ್ಲಿ ಇರಲಿ.